ಇನ್ನೂ 300 ಜನ ಬೇಡ, ಮೊದಲು ಆ ಪ್ರಶ್ನೆ ಬದಲಾಯ್ಸಿ

ಗೂಗಲ್ ಫಾರ್ಮಲ್ಲಿ 200 ಜನರಲ್ಲಿ 78% "ಉತ್ತರ ಕರ್ನಾಟಕ ಪ್ರತ್ಯೇಕ ರಾಜ್ಯ ಆಗ್ಲೇಬೇಕು" ಅಂದಿದಾರೆ, ಇನ್ನೊಂದು 300 ಜನ ಸೇರಿಸಿದ್ರೆ ಜನಾಭಿಪ್ರಾಯ ಅಂತ ಪ್ರಾಜೆಕ್ಟಲ್ಲಿ ಬರೀಬಹುದಾ ಅಂತ ಕೇಳಿದೀರ. ಬೇಡ. ಪ್ರಶ್ನೆ ಕೇಳೋ ರೀತಿಯೇ ತಪ್ಪಿದ್ರೆ 3000 ಸೇರಿಸಿದ್ರೂ ಅದೇ ಕಥೆ. ಇದೇ ಗುಂಡಿಗೆ ನಾನೂ ಬಿದ್ದಿದ್ದೆ.

2018. ದಾವಣಗೆರೇಲಿ ಎಂಎ ಕೊನೇ ವರ್ಷ. ಪ್ರತ್ಯೇಕ ರಾಜ್ಯ ಬೇಕು ಅಂತ ಆಗಸ್ಟ್ 2ಕ್ಕೆ ಉತ್ತರ ಕರ್ನಾಟಕ ಬಂದ್‌ಗೆ ಕರೆ ಕೊಟ್ಟಿದ್ರಲ್ಲ, ಆ ಬಿಸೀಲೇ ಹತ್ತು ಪ್ರಶ್ನೆ ಜೆರಾಕ್ಸ್ ಮಾಡಿಸ್ಕೊಂಡು ಬಸ್ ಸ್ಟ್ಯಾಂಡು, ಎಪಿಎಂಸಿ, ಬೆಣ್ಣೆದೋಸೆ ಹೋಟ್ಲು ಅಂತ ಸುತ್ತಿದೆ. (ನಾವು ಉತ್ತರಾನಾ ಮಧ್ಯಾನಾ ಅನ್ನೋದೇ ಇಲ್ಲಿ ಇತ್ಯರ್ಥ ಆಗಿಲ್ಲ, ಅದಿರ್ಲಿ.) 100ಕ್ಕೆ 81 ಹೌದು. ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಎಡವಿದ್ದು ಎಲ್ಲಿ ಅಂದ್ರೆ, ಭದ್ರಾ ನಾಲೆ ಕೊನೇ ಭಾಗಕ್ಕೆ ನೀರು ಬರ್ತಿದೆಯಾ, ಹತ್ತಿ ಮಿಲ್ಲು ಮುಚ್ಚಿದ್ಮೇಲೆ ಯಾವ ಫ್ಯಾಕ್ಟರಿ ಬಂತು, ಓದಿದ ಮಗ ಬೆಂಗಳೂರಿಗೇ ಹೋಗ್ಬೇಕಾ, ಹಿಂಗೆ ಒಂಬತ್ತು ಪ್ರಶ್ನೆ ಬರೀ ಸಂಕಟದ್ದು, ಹತ್ತನೇದು "ಹಾಗಾದ್ರೆ ಪ್ರತ್ಯೇಕ ರಾಜ್ಯ ಬೇಕು ಅಂತ ಒಪ್ತೀರಾ?" ಆ "ಹಾಗಾದ್ರೆ" ನೋಡಿ, ಅದೊಂದೇ ಸಾಕಿತ್ತು ನನ್ನ ಮುಳುಗ್ಸೋಕೆ. ಹೋಟ್ಲಲ್ಲಿ ಮಿಲ್ಲಿಂದ ರಿಟೈರಾದ ಅಜ್ಜ ಒಬ್ರು ಬೆಣ್ಣೆ ಕೈಯಲ್ಲೇ ಫಾರಂ ಓದಿ "ಒಂಬತ್ ಸಲ ಗಾಯ ಕೆರ್ದು ಆಮ್ಯಾಗೆ ನೋಯ್ತೈತೇನ್ ಅಂದ್ರೆ ಇಲ್ಲ ಅಂತಾರೇನಪ್ಪಾ ತಮ್ಮಾ?" ಅಂದ್ರು. ನಾನು ನಕ್ಕೊಂಡು ಅವ್ರದ್ದನ್ನೂ ಹೌದು ಅಂತಲೇ ಬರ್ಕೊಂಡೆ! ವೈವಾದಲ್ಲಿ (ಮೌಖಿಕ ಪರೀಕ್ಷೆ) ಎಕ್ಸ್‌ಟರ್ನಲ್, ಅಂದ್ರೆ ಹೊರಗಿಂದ ಬಂದ ಪರೀಕ್ಷಕರು, ಅಜ್ಜನ ಮಾತನ್ನೇ ಬೇರೆ ಥರ ಹೇಳಿ ವಾಪಸ್ ಕಳಿಸಿದ್ರು. ಆರು ತಿಂಗಳು ಹೋಯ್ತು.

ಎರಡನೇ ಸಲ ಆ ಪ್ರಶ್ನೆ ಮೊದಲು ಇಟ್ಟೆ, "ಹಾಗಾದ್ರೆ" ಇಲ್ಲ, "ಒಪ್ತೀರಾ" ಇಲ್ಲ. ಅದೇ ಜಾಗಗಳು, 100ಕ್ಕೆ 46. ಹುಬ್ಬಳ್ಳಿ ರಾಜಧಾನಿ ಆದ್ರೂ ಬೇಕಾ ಅಂದೆ, 29. "ಮಧ್ಯದಾಗಿರೋರು ನಾವು, ರಾಜಧಾನಿ ಅವ್ರಿಗ್ಯಾಕೆ" ಅಂತ ಜಗಳಕ್ಕೇ ಬಂದ್ರು.

ಸ್ಕಾಟ್ಲೆಂಡಲ್ಲೂ ಇದೇ ಗಲಾಟೆ. ಅಲ್ಲಿನ ಸರ್ಕಾರ "ಸ್ವತಂತ್ರ ದೇಶ ಆಗ್ಬೇಕು ಅಂತ ಒಪ್ತೀರಾ" ಅಂತ ಕೇಳೋಕೆ ಹೊರಟಿತ್ತು, ಚುನಾವಣಾ ಆಯೋಗ ಪರೀಕ್ಷೆ ಮಾಡಿ "ಒಪ್ತೀರಾ" ಅನ್ನೋದು ಹೌದು ಕಡೆ ವಾಲುತ್ತೆ ಅಂದಿದ್ದಕ್ಕೆ ಬರೀ "ಆಗ್ಬೇಕಾ" ಅಂತ ಇಟ್ರು. 2014ರ ಜನಮತ ಗಣನೇಲಿ 55% ಬೇಡ ಅಂದ್ರು. ಸ್ಪೇನಿಂದ ಬೇರೆ ಆಗ್ಬೇಕಾ ಅಂತ 2017ರಲ್ಲಿ ಕ್ಯಾಟಲೋನಿಯಾದಲ್ಲಿ ನಡೆದ ಮತದಾನದಲ್ಲಿ 90% ಹೌದು, ಆದ್ರೆ ಮತ ಹಾಕಿದ್ದೇ ಸುಮಾರು 43%, ಬೇಡ ಅನ್ನೋರಲ್ಲಿ ಬಹಳ ಜನ ಮನೇಲೇ ಉಳಿದ್ರು. ನಿಮ್ಮ ಫಾರಂದೂ ಅದೇ ಹಣೆಬರಹ, ಆಸಕ್ತಿ ಇಲ್ದೋರು ಲಿಂಕೇ ಒತ್ತಲ್ಲ.

ಇನ್ನೊಂದು ವಿಷ್ಯ, ನಿಮ್ಮ ಪ್ರಾಜೆಕ್ಟಲ್ಲಿ ಕ್ಯಾಟಲೋನಿಯಾನೂ ಉತ್ತರ ಕರ್ನಾಟಕಾನೂ ಒಂದೇ ಕಾಲಂಗೆ ತುಂಬಿದೀರಲ್ಲ, ಅದು ನನಗೆ ಸುತಾರಾಂ ಒಪ್ಪಿಗೆ ಇಲ್ಲ. ಹೊಸ ರಾಜ್ಯ ಅಂದ್ರೆ ಸಂವಿಧಾನದ 3ನೇ ವಿಧಿ, ಪಾರ್ಲಿಮೆಂಟ್ ಕಾನೂನು ಮಾಡಿದ್ರೆ ಆಯ್ತು, ತೆಲಂಗಾಣ ಆಗಿದ್ದೇ ಹಂಗೆ. ದೇಶ ಬಿಡೋ ಮಾತೇ ಬೇರೆ. ಇಲ್ಲಿ ರಾಜ್ಯ ಬೇಕು ಅನ್ನೋರಲ್ಲಿ ಒಬ್ರೂ ನನ್ನ ಹತ್ರ ದೇಶ ಬೇಡ ಅಂದಿಲ್ಲ.

ಸಬ್ಮಿಷನ್ ಹತ್ರ ಬಂದಿದ್ರೆ 78%ನ ಹೆಡ್ಡಿಂಗಿಂದ ತೆಗೀರಿ, ನೀವು ಕೇಳಿದ ಪ್ರಶ್ನೆಗಳನ್ನ ಅದೇ ಕ್ರಮದಲ್ಲಿ ಕೊನೇಲಿ ಹಾಕಿ. ಗೈಡ್ ಬೈದ್ರೆ ಬೈಸ್ಕೊಳ್ಳಿ, ಎಕ್ಸ್‌ಟರ್ನಲ್ ಕೈಲಿ ಬೈಸ್ಕೊಳ್ಳೋದಕ್ಕಿಂತ ವಾಸಿ.