ವಯಸ್ಸಾದವರಿಗೆ ಒಗಟು, ತರಲೆ ಪ್ರಶ್ನೆ ಕೇಳಿದರೆ ಮಿದುಳಿಗೆ ನಿಜಕ್ಕೂ ವ್ಯಾಯಾಮ ಆಗುತ್ತದೆಯೇ?

ನೀವು ಕೇಳಿರುವುದು ಎರಡು ವಿಷಯ. 74 ವರ್ಷದ ತಂದೆಯವರಿಗೆ ದಿನಾ ಒಗಟು, ತರಲೆ ಪ್ರಶ್ನೆ ಕೇಳಿದರೆ ಮರೆವಿನ ಕಾಯಿಲೆ ಬರದಂತೆ ತಡೆಯಬಹುದೇ? ಕೇಳಿದಾಗಲೆಲ್ಲ "ನನ್ನನ್ನೇ ಪರೀಕ್ಷೆ ಮಾಡ್ತೀಯಾ" ಅಂತ ರೇಗುತ್ತಾರಲ್ಲ, ಅದಕ್ಕೇನು ಮಾಡೋದು?

ಮೊದಲನೆಯದಕ್ಕೆ ಉತ್ತರ: ತಡೆಯುತ್ತದೆ ಅಂತ ಹೇಳಲು ಬರುವುದಿಲ್ಲ. ಅಮೆರಿಕದಲ್ಲಿ 65 ದಾಟಿದ 2,832 ಜನರ ಮೇಲೆ ನಡೆದ ಆ್ಯಕ್ಟಿವ್ ಅಧ್ಯಯನದ ಫಲಿತಾಂಶ 2002ರಲ್ಲಿ ಬಂತು. ತರ್ಕದ ತರಬೇತಿ ಪಡೆದವರು ತರ್ಕದಲ್ಲಿ ಸುಧಾರಿಸಿದರು, ನೆನಪಿನ ತರಬೇತಿ ಪಡೆದವರು ನೆನಪಿನಲ್ಲಿ. ಒಂದರ ಲಾಭ ಇನ್ನೊಂದಕ್ಕೆ ಹರಿಯಲಿಲ್ಲ. ಹಾಗಾಗಿ ಒಗಟು ಬಿಡಿಸಿ ಬಿಡಿಸಿ ಒಗಟಿನಲ್ಲಿ ಪಳಗಬಹುದೇ ಹೊರತು, ಕನ್ನಡಕ ಎಲ್ಲಿಟ್ಟೆ ಅನ್ನೋದು ಅದರಿಂದ ನೆನಪಾಗುವುದಿಲ್ಲ. ಡಿಮೆನ್ಷಿಯಾದ, ಅಂದರೆ ಮರೆವಿನ ಕಾಯಿಲೆಯ, ಅಪಾಯ ತಗ್ಗಿಸಲು ನಮ್ಮ ಕೈಯಲ್ಲಿರುವ 14 ಅಂಶಗಳನ್ನು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಪಟ್ಟಿ ಮಾಡಿದೆ. ಕಿವಿ ಮಂದವಾಗುವುದು, ರಕ್ತದೊತ್ತಡ, ಮೈಗೆ ಚಟುವಟಿಕೆ ಇಲ್ಲದಿರುವುದು, ಒಂಟಿತನ ಎಲ್ಲವೂ ಅದರಲ್ಲಿವೆ, ಒಗಟು ಇಲ್ಲ. ದಿನಕ್ಕೆ ಅರ್ಧ ಗಂಟೆ ಮಾತ್ರ ಬಿಡುವಿದ್ದರೆ ಮೊದಲು ಅವರ ಜೊತೆ ನಡೆದಾಡಿ ಬನ್ನಿ.

ಹಾಗಂತ ಬಿಟ್ಟುಬಿಡಿ ಅನ್ನುತ್ತಿಲ್ಲ. ನಾಲ್ಕು ಜನ ಕೂತು ಕೇಳುವ, ವಾದಿಸುವ, ನಗುವ ಆಟವಾಗಿ ಇದಕ್ಕೆ ಬೆಲೆ ಇದೆ. ಮೊಬೈಲ್ ಹಿಡಿದು ಒಬ್ಬರೇ 50 ಪ್ರಶ್ನೆ ಮುಗಿಸುವುದಕ್ಕಿಂತ ಎದುರುಬದುರು ಕೂತು 5 ಪ್ರಶ್ನೆ ಆಡುವುದು ಮೇಲು ಅಂತಲೇ ನನ್ನ ಅಭಿಪ್ರಾಯ.

ಒಗಟು ಬೇರೆ, ತರಲೆ ಪ್ರಶ್ನೆ ಬೇರೆ. ಎರಡರಲ್ಲೂ ಮಿದುಳು ಮಾಡುವ ಕೆಲಸ ಒಂದೇ ಅಲ್ಲ.

ಒಗಟಿನಲ್ಲಿ ಕೆಲಸ ಹುಡುಕಾಟದ್ದು. ವಯಸ್ಸಾದಂತೆ ಶಬ್ದಭಂಡಾರ ಅಷ್ಟಾಗಿ ಕುಗ್ಗುವುದಿಲ್ಲ. ಬೇಕಾದ ಹೆಸರನ್ನು ಬೇಕಾದ ಹೊತ್ತಿಗೆ ಹೊರಗೆಳೆಯುವುದು ಮಾತ್ರ ನಿಧಾನವಾಗುತ್ತದೆ. "ಬಾಯಲ್ಲೇ ಇದೆ, ಬರ್ತಾ ಇಲ್ಲ" ಅನ್ನುತ್ತಾರಲ್ಲ, ಅದೇ. ಆಗ ಅರ್ಥ ಗೊತ್ತಿರುತ್ತದೆ, ಶಬ್ದದ ರೂಪ ಮಾತ್ರ ಸಿಕ್ಕಿರುವುದಿಲ್ಲ. ಹಾಗಾಗಿ ಇನ್ನಷ್ಟು ವಿವರಣೆ ಕೊಡುವುದಕ್ಕಿಂತ ಮೊದಲ ಅಕ್ಷರ ಕೊಟ್ಟರೆ ಬೇಗ ನೆರವಾಗುತ್ತದೆ. "ಅಪ್ಪ ಅಂದ್ರೆ ಸೇರುತ್ತೆ, ಅಕ್ಕ ಅಂದ್ರೆ ಸೇರಲ್ಲ, ಏನದು?" ಅಂತ ಕೇಳಿದಿರಿ ಅನ್ನಿ. ಒಂದು ನಿಮಿಷ ಸುಮ್ಮನಿರಿ. ಬರದಿದ್ದರೆ "ಮೈಯಲ್ಲೇ ಇದೆ" ಅನ್ನಿ. ಆಮೇಲೆ "ಎರಡೂ ಪದ ನಿಧಾನವಾಗಿ, ಜೋರಾಗಿ ಹೇಳಿ ನೋಡಿ" ಅನ್ನಿ. ಬಹಳ ಜನಕ್ಕೆ ಇಲ್ಲೇ ಹೊಳೆಯುತ್ತದೆ. ಆಗಲೂ ಇಲ್ಲದಿದ್ದರೆ "ತು" ಅನ್ನಿ ಸಾಕು (ಉತ್ತರ ತುಟಿ). ಸುಳಿವಿಗೆ ಈ ಕ್ರಮ ಇಟ್ಟುಕೊಳ್ಳಿ: ಮೊದಲು ಯಾವ ಜಾತಿಯ ವಸ್ತು, ಆಮೇಲೆ ಕಣ್ಣಿಗೋ ಬಾಯಿಗೋ ಸಿಗುವ ಗುರುತು, ಬೇಗ ಉತ್ತರ ತಂದುಬಿಡುವ ಅಕ್ಷರ ಕೊನೆಗೆ. ಪೂರ್ತಿ ಉತ್ತರ ನೀವಾಗಿ ಹೇಳಬೇಡಿ, ಕೊನೆಯ ಪದ ಅವರ ಬಾಯಿಂದಲೇ ಬರಲಿ.

ತರಲೆ ಪ್ರಶ್ನೆಯಲ್ಲಿ ಉತ್ತರ ಹುಡುಕುವ ಕಷ್ಟವೇ ಇಲ್ಲ, ತಪ್ಪು ಉತ್ತರ ತಾನಾಗಿ ಬಂದು ನಿಲ್ಲುತ್ತದೆ. ಅದನ್ನು ತಡೆದು ಮತ್ತೊಮ್ಮೆ ನೋಡುವುದೇ ವ್ಯಾಯಾಮ. ಒಂದು ಪಾತ್ರೆ, ಅದರ ಮುಚ್ಚಳ ಸೇರಿ 1,100 ಗ್ರಾಂ. ಪಾತ್ರೆ ಮುಚ್ಚಳಕ್ಕಿಂತ 1,000 ಗ್ರಾಂ ಹೆಚ್ಚು. ಮುಚ್ಚಳ ಎಷ್ಟು? "ನೂರು" ಅಂತ ತಟ್ಟನೆ ಬರುತ್ತದೆ. ಆ ನೂರನ್ನು ಪ್ರಶ್ನೆಯೊಳಗೆ ಇಟ್ಟು ನೋಡಿ: ಪಾತ್ರೆ 1,100 ಆಗುತ್ತದೆ, ಮುಚ್ಚಳ ಸೇರಿದರೆ 1,200. ಸರಿ ಉತ್ತರ 50. ಶೇನ್ ಫ್ರೆಡ್ರಿಕ್ ಎಂಬ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಮೂರು ಪ್ರಶ್ನೆಗಳ ಪರೀಕ್ಷೆಯಲ್ಲಿ ಇದೇ ಲೆಕ್ಕ ಬ್ಯಾಟು, ಚೆಂಡಿನ ರೂಪದಲ್ಲಿತ್ತು. ಉತ್ತರಿಸಿದ 3,428 ಜನರಲ್ಲಿ ಹೆಚ್ಚಿನವರು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ಆದರೂ ಶೇ 33ರಷ್ಟು ಜನಕ್ಕೆ ಮೂರರಲ್ಲಿ ಒಂದೂ ಸರಿ ಬರಲಿಲ್ಲ. ನಿಮ್ಮ ತಂದೆಯವರು ಎಡವಿದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಬೇಡಿ. ಈ ಮಾತು ಆಟ ಶುರುವಾಗುವ ಮೊದಲೇ ಅವರ ಕಿವಿಗೆ ಬಿದ್ದರೆ ರೇಗಾಟ ಅರ್ಧ ಇಳಿಯುತ್ತದೆ.

ಉಳಿದರ್ಧ ಇಳಿಯಬೇಕಾದರೆ ಕೇಳುವ ರೀತಿ ಬದಲಾಗಬೇಕು. ಒಂದು ಸಲ ಅವರು ಕೇಳಲಿ, ನೀವು ತಪ್ಪು ಹೇಳಿ ನಗೆಪಾಟಲಾಗಿ. ಮೊಮ್ಮಕ್ಕಳಿದ್ದರೆ ಪ್ರಶ್ನೆಯ ಚೀಟಿ ಅಜ್ಜನ ಕೈಗೇ ಕೊಡಿ. ಅಂಕ ಬರೆಯಬೇಡಿ, ಗಡಿಯಾರ ನೋಡಬೇಡಿ. "ಇಷ್ಟೂ ಗೊತ್ತಾಗಲ್ವಾ", "ನಿನ್ನೆ ತಾನೆ ಹೇಳಿದ್ದೆ" ಅನ್ನುವ ಮಾತು ಒಮ್ಮೆ ಬಿದ್ದರೂ ಆ ವಾರದ ಆಟ ಕೆಟ್ಟ ಹಾಗೆ.

ವಾರಕ್ಕೆ ಮೂರು ದಿನ, ಒಂದು ಸಲಕ್ಕೆ 15-20 ನಿಮಿಷ, 5-6 ಪ್ರಶ್ನೆ ಸಾಕು. ಊಟವಾದ ಕೂಡಲೇ ಬೇಡ, ನಿದ್ದೆ ಬರಿಸುವ ಮಾತ್ರೆ ತೆಗೆದುಕೊಂಡ ಮೇಲಂತೂ ಬೇಡ. ಮೊದಲ ಮತ್ತು ಕೊನೆಯ ಪ್ರಶ್ನೆ ಸಲೀಸಾಗಿರಲಿ, ಗಟ್ಟಿಯವು ನಡುವೆ ಬರಲಿ. ಟಿವಿ ಆರಿಸಿ, ಎದುರು ಕೂತು, ನಿಮ್ಮ ಮುಖಕ್ಕೆ ಬೆಳಕು ಬೀಳುವಂತೆ ಇದ್ದು ನಿಧಾನವಾಗಿ ಎರಡು ಸಲ ಓದಿ. ಕಿರುಚಬೇಡಿ, ಕಿರುಚಿದರೆ ಪದ ಇನ್ನೂ ಕಲಸಿಹೋಗುತ್ತದೆ. ತರಲೆ ಪ್ರಶ್ನೆ ಒಂದೇ ಪದದ ಮೇಲೆ ನಿಂತಿರುತ್ತದೆ. ಆ ಪದ ಕೇಳಿಸದೆ ತಪ್ಪಾದರೆ ತಪ್ಪು ಕಿವಿಯದು, ಅದಕ್ಕೆ "ದಡ್ಡತನ" ಅನ್ನುವ ಹೆಸರು ಬರಬಾರದು. ಹಾಗಾಗಿ ತರಲೆ ಪ್ರಶ್ನೆಗಳನ್ನು 20 ಪಾಯಿಂಟ್ ಅಕ್ಷರದಲ್ಲಿ, ಹಾಳೆಗೊಂದರಂತೆ ಮುದ್ರಿಸಿ ಕೈಗೆ ಕೊಡುವುದು ವಾಸಿ. ಮೂರ್ನಾಲ್ಕು ಜನ ಇದ್ದರೆ ಯಾರೂ 30 ಸೆಕೆಂಡು ಬಾಯಿ ಬಿಡಬಾರದು, ಉತ್ತರ ಚೀಟಿಯಲ್ಲಿ ಬರೆಯಬೇಕು. ಇಲ್ಲದಿದ್ದರೆ ಚುರುಕಾದವರೊಬ್ಬರು ಕೂಗಿಬಿಡುತ್ತಾರೆ, ಉಳಿದವರು ಯೋಚಿಸುವುದನ್ನೇ ನಿಲ್ಲಿಸುತ್ತಾರೆ.

ತುಂಬ ಜನ ಎಡವುವುದು ಇಲ್ಲಿ: ಬರೀ ತರಲೆ ಪ್ರಶ್ನೆಗಳನ್ನೇ ಸಾಲಾಗಿ ಕೇಳುತ್ತಾರೆ. ನಾಲ್ಕನೆಯದಕ್ಕೆಲ್ಲ "ಇದರಲ್ಲೂ ಏನೋ ಕಿತಾಪತಿ ಇದೆ" ಅಂತ ಗೊತ್ತಾಗಿ, ಉತ್ತರಿಸುವವರು ಯೋಚಿಸದೆಯೇ ತಿರುಗುಮುರುಗಾ ಉತ್ತರ ಹೇಳತೊಡಗುತ್ತಾರೆ. ವ್ಯಾಯಾಮ ಅಲ್ಲಿಗೆ ಮುಗಿಯಿತು. ಅದಕ್ಕೇ ನೇರ ಪ್ರಶ್ನೆಗಳನ್ನು ನಡುವೆ ಸೇರಿಸಬೇಕು. ಒಂದು ಹಾಳೆಯಲ್ಲಿ "17 ಕುರಿಗಳಿದ್ದವು, 9 ಬಿಟ್ಟು ಮಿಕ್ಕವೆಲ್ಲ ಓಡಿಹೋದವು, ಉಳಿದದ್ದೆಷ್ಟು?" ಇನ್ನೊಂದರಲ್ಲಿ "17 ಕುರಿಗಳಿದ್ದವು, 9 ಓಡಿಹೋದವು, ಉಳಿದದ್ದೆಷ್ಟು?" ಮೊದಲನೆಯದಕ್ಕೆ 9, ಎರಡನೆಯದಕ್ಕೆ 8. ಇಂಥ ಜೋಡಿಗಳಿದ್ದರೆ ಪ್ರತಿ ಸಲವೂ ಓದಲೇಬೇಕಾಗುತ್ತದೆ. "ತಾಯಿಗೆ ನಾಲ್ವರು ಹೆಣ್ಣುಮಕ್ಕಳು, ಒಬ್ಬೊಬ್ಬಳಿಗೂ ಒಬ್ಬ ತಮ್ಮ, ಒಟ್ಟು ಮಕ್ಕಳೆಷ್ಟು?" (ಐದು), "ಮೂರು ಮಾತ್ರೆ, ಅರ್ಧ ಗಂಟೆಗೊಂದು, ಮೊದಲನೆಯದರಿಂದ ಕೊನೆಯದಕ್ಕೆ ಎಷ್ಟು ಹೊತ್ತು?" (ಒಂದು ಗಂಟೆ) ಇಂಥವೂ ಒಳ್ಳೆಯವೇ, ಯಾಕೆಂದರೆ ಉತ್ತರ ಸರಿ ಅಂತ ಬೆರಳು ಎಣಿಸಿ ತೋರಿಸಬಹುದು. ಒಪ್ಪದವರ ಜೊತೆ ವಾದವೇ ಬೇಕಿಲ್ಲ.

ಇಂಗ್ಲಿಷಿನಿಂದ ಇಳಿಸಿದ ಒಗಟುಗಳು ಬೇಡ, ಅವುಗಳ ಚಮತ್ಕಾರ ದಾರಿಯಲ್ಲೇ ಉದುರಿಹೋಗಿರುತ್ತದೆ.

ಈಗಾಗಲೇ ಡಿಮೆನ್ಷಿಯಾ ಅಂತ ವೈದ್ಯರು ಹೇಳಿದ್ದರೆ ತರಲೆ ಪ್ರಶ್ನೆ ಪೂರ್ತಿ ಬಿಡಿ. ಅವರಿಗೆ ಅದು ಮೋಸದಂತೆ ಕಾಣುತ್ತದೆ. ಗಾದೆಯ ಮೊದಲರ್ಧ ಹೇಳಿ ಉಳಿದರ್ಧ ಅವರಿಂದ ಹೇಳಿಸಿ, ಅಥವಾ ಮೇಜಿನ ಮೇಲೆ ಎರಡು ವಸ್ತು ಇಟ್ಟು ಒಗಟು ಯಾವುದರದ್ದು ಅಂತ ಕೇಳಿ. ಸೌಮ್ಯದಿಂದ ಮಧ್ಯಮ ಹಂತದವರಿಗೆ ಗುಂಪಿನಲ್ಲಿ ನಡೆಸುವ ಕಾಗ್ನಿಟಿವ್ ಸ್ಟಿಮ್ಯುಲೇಶನ್ ಥೆರಪಿ (ಮಿದುಳಿಗೆ ಕೆಲಸ ಕೊಡುವ ಚಟುವಟಿಕೆಗಳು) ಎಂಬ ಕ್ರಮವಿದೆ: 45 ನಿಮಿಷದ 14 ಕೂಟ, ವಾರಕ್ಕೆ ಎರಡು. ಅಲ್ಲಿ ಸರಿ-ತಪ್ಪು ಕೇಳುವುದಕ್ಕಿಂತ "ನಿಮಗೇನನ್ನಿಸುತ್ತೆ" ಅಂತ ಕೇಳುವುದಕ್ಕೇ ಒತ್ತು. ಇನ್ನು ಕಾಯಿಲೆ ಇದೆಯೋ ಇಲ್ಲವೋ ಅನ್ನೋದನ್ನು ಒಗಟಿನಿಂದ ಅಳೆಯಲು ಹೋಗಬೇಡಿ. ಗೊತ್ತಿರುವ ದಾರಿ ತಪ್ಪುವುದು, ಹಣದ ಲೆಕ್ಕದಲ್ಲಿ ಹೊಸದಾಗಿ ಗೊಂದಲ, ಹತ್ತೇ ನಿಮಿಷದಲ್ಲಿ ಅದೇ ಮಾತು ಮತ್ತೆ ಮತ್ತೆ ಕೇಳುವುದು ಕಂಡರೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಕೆಲವು ವಾರದಲ್ಲಿ ಪ್ರಶ್ನೆಗಳು ಹಳತಾಗುತ್ತವೆ. ಕೇಳಿದ ಒಗಟನ್ನೇ ಎರಡು ದಿನ ಬಿಟ್ಟು, ಆಮೇಲೆ ವಾರ ಬಿಟ್ಟು ಕೇಳಿದರೆ ಅದು ನೆನಪಿನ ಅಭ್ಯಾಸವಾಗುತ್ತದೆ, ಅದೂ ಒಳ್ಳೆಯದೇ. ಆದರೆ ಬಿಡಿಸುವುದಕ್ಕಿಂತ ಕಟ್ಟುವುದು ಹೆಚ್ಚು ಕಸರತ್ತು. ಕಣ್ಣೆದುರಿನ ವಸ್ತು ಒಂದನ್ನು ತಂದೆಯವರೇ ಆರಿಸಲಿ, ಅದರ ಭಾಗಗಳ ಹೆಸರು ಹೇಳಲಿ. ಆ ಹೆಸರುಗಳಲ್ಲಿ ಬೇರೆ ಅರ್ಥವೂ ಇರುವ ಪದ ಯಾವುದು ಅಂತ ಹುಡುಕಲಿ. ಗಡಿಯಾರ ಆದರೆ ಮುಳ್ಳು. ಮುಳ್ಳು ಮಾಡಬೇಕಾದ ಕೆಲಸ ಚುಚ್ಚುವುದು, ಇದು ಚುಚ್ಚುವುದಿಲ್ಲ. ನಡೆಯುತ್ತದೆ, ಕಾಲಿಲ್ಲ. "ಮುಳ್ಳಿದೆ ಚುಚ್ಚಲ್ಲ, ನಡೆಯುತ್ತೆ ಕಾಲಿಲ್ಲ" ಅಂತ ಒಗಟು ತಯಾರು. ಮುಂದಿನ ಸಲ ಸೂಜಿ ಕೊಡಿ, ಅದಕ್ಕೆ ಕಣ್ಣಿದೆ. ಆಮೇಲೆ ಬಾಚಣಿಗೆ ಕೊಡಿ, ಅದಕ್ಕೆ ಹಲ್ಲಿದೆ. ಕಟ್ಟಿದ ಒಗಟನ್ನು ಅವರೇ ನಿಮಗೆ ಕೇಳಲಿ.