ತಿಪ್ಪೇಸ್ವಾಮಿ ಅಂದರೆ ತಿಪ್ಪೆಯೋ, ಸ್ವಾಮಿಯೋ?

ನೀವು ಕೇಳಿರುವುದು ಇಷ್ಟು: “ಮನೆಯಲ್ಲಿ ನನಗೆ ನೋಡಿರುವ ಹುಡುಗನ ಹೆಸರು ತಿಪ್ಪೇಸ್ವಾಮಿ, ಊರು ಚಳ್ಳಕೆರೆ. ತಿಪ್ಪೆ ಅಂದರೆ ಕಸದ ಗುಡ್ಡೆ ಅಲ್ವಾ? ಹೆತ್ತವರು ಯಾಕೆ ಇಂಥ ಹೆಸರು ಇಡುತ್ತಾರೆ? ಬೇರೆ ಭಾಷೆಗಳಲ್ಲೂ ಹೀಗೆ ಇದೆಯಾ?”

ನನ್ನ ಹೆಸರೂ ತಿಪ್ಪೇಸ್ವಾಮಿಯೇ. ಹಾಗಾಗಿ ಉತ್ತರ ಕೊಡುವ ಹಕ್ಕು ನನಗೆ ಸ್ವಲ್ಪ ಜಾಸ್ತಿ ಇದೆ ಅಂದುಕೊಂಡಿದ್ದೇನೆ. ಹುಟ್ಟಿದ್ದು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಈಗ ಇರುವುದು ದಾವಣಗೆರೆಯಲ್ಲಿ.

ಮೊದಲು ಸುಲಭದ ಉತ್ತರ ಹೇಳಿಬಿಡುತ್ತೇನೆ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿ ದೇವಸ್ಥಾನ ಇದೆ. ನಮಗೆ ಅದು ಸುಮ್ನೆ ‘ಹಟ್ಟಿ’. “ಮಾಡಿದಷ್ಟು ನೀಡು ಭಿಕ್ಷೆ” ಎಂದ ಶರಣರು ಅವರೇ. ಊರೂರಿಗೆ ಕೆರೆ ಕಟ್ಟಿಸಿದವರು ಅಂತ ಜನ ನೆನೆಯುತ್ತಾರೆ. ಮಾರ್ಚ್ ತಿಂಗಳ ಹೊತ್ತಿಗೆ ಅಲ್ಲಿ ದೊಡ್ಡ ತೇರು. ಒಣ ಕೊಬ್ಬರಿ ಸುಡುವ ಹೊಗೆ, ಲಕ್ಷಗಟ್ಟಲೆ ಹಣಕ್ಕೆ ಹರಾಜಾಗುವ ಮುಕ್ತಿ ಬಾವುಟ, ಕಾಲಿಡಲು ಜಾಗವಿಲ್ಲದಷ್ಟು ಜನ. ಆ ದೇವರಿಗೆ ಹರಕೆ ಹೊತ್ತು ಹುಟ್ಟಿದ ಮಕ್ಕಳೆಲ್ಲ ತಿಪ್ಪೇಸ್ವಾಮಿ, ತಿಪ್ಪೇರುದ್ರ, ತಿಪ್ಪೇಶ, ತಿಪ್ಪಮ್ಮ.

ನಮ್ಮ ಕಡೆ ಹೆಸರು ಕೇಳಿದರೆ ಮನೆದೇವರು ಯಾವುದು ಅಂತ ಅಂದಾಜು ಸಿಗುತ್ತದೆ. ಕೊಟ್ರೇಶನಿಗೆ ಕೊಟ್ಟೂರು. ಕರಿಬಸಪ್ಪನಿಗೆ ಹರಿಹರದ ಕಡೆಯ ಉಕ್ಕಡಗಾತ್ರಿ. ಉಚ್ಚೆಂಗೆಪ್ಪನಿಗೆ ಉಚ್ಚಂಗಿದುರ್ಗ. ದುಗ್ಗಪ್ಪ, ದುರುಗೇಶರಿಗೆ ದಾವಣಗೆರೆಯ ದುಗ್ಗಮ್ಮ. ಚಿತ್ರದುರ್ಗದ ಕೋಟೆಯ ಓಬವ್ವ ನಿಮಗೂ ಗೊತ್ತು. ಓಬವ್ವ, ಓಬಯ್ಯ, ಓಬಳೇಶ ಬಂದದ್ದು ಆಂಧ್ರದ ಅಹೋಬಲ ನರಸಿಂಹನಿಂದ. ಅಹೋಬಲ ಬಾಯಲ್ಲಿ ಸವೆದು ಸವೆದು ಓಬಳ ಆಯಿತು.

ಬಹಳ ವರ್ಷ ನಾನೂ ಇದೇ ಉತ್ತರ ಹೇಳಿಕೊಂಡು ತಿರುಗಿದೆ. ಬೆಂಗಳೂರಿನ ಒಂದು ಆಫೀಸಿನಲ್ಲಿ ನನ್ನನ್ನು ‘ಟಿಪ್ಪಿ’ ಮಾಡಿದ್ದರು. ಅರ್ಥ ಗೊತ್ತಿದ್ದ ಒಬ್ಬ ಕನ್ನಡದವನು ಎಲ್ಲರ ಮುಂದೆ ಬಿಡಿಸಿ ಹೇಳಿ ನಗಿಸಿದ. ಮಾರನೇ ವಾರವೇ ಕಾರ್ಡಿನಲ್ಲಿ ‘ಟಿ. ಸ್ವಾಮಿ’ ಅಂತ ಹಾಕಿಸಿಕೊಂಡೆ.

ಆ ಕಾರ್ಡು ನೋಡಿ ದೊಡ್ಡಮ್ಮನಿಗೆ ಸಿಟ್ಟು ಬಂತು. “ನಿನ್ನ ಹೆಸರು ಹಟ್ಟಿ ದೇವರದೂ ಹೌದು, ತಿಪ್ಪೆದೂ ಹೌದು ಕಣೋ” ಅಂದರು. ನನಗಿಂತ ಮುಂಚೆ ಅವ್ವನಿಗೆ ಎರಡು ಗಂಡು ಮಕ್ಕಳು ಹುಟ್ಟಿ, ತೊಟ್ಟಿಲಲ್ಲೇ ಹೋಗಿದ್ದವು. ಅವ್ವ ಆ ವಿಷಯ ಎತ್ತಿದ್ದೇ ಇಲ್ಲ. ನಾನು ಹುಟ್ಟಿದಾಗ ಅಜ್ಜಿ ನನ್ನನ್ನು ಹಳೇ ಮೊರದಲ್ಲಿ ಮಲಗಿಸಿ ಹಿತ್ತಿಲ ತಿಪ್ಪೆಯ ಮೇಲೆ ಇಟ್ಟು ಬಂದರಂತೆ. ಪಕ್ಕದ ಮನೆಯಾಕೆ ಹೋಗಿ, “ಯಾರೋ ಬಿಸಾಡಿದ ಕೂಸು” ಅಂತ ಎತ್ತಿಕೊಂಡು ಬಂದರು. ಅಜ್ಜಿ ಒಂದು ಮೊರ ರಾಗಿ ಕೊಟ್ಟು ಮೊಮ್ಮಗನನ್ನೇ ಕೊಂಡುಕೊಂಡರು. ಬೇಡವಾದ ಮಗು ಅಂತ ಸಾವಿಗೆ ಅನ್ನಿಸಬೇಕು, ಕಣ್ಣು ಹಾಕದೆ ಮುಂದೆ ಹೋಗಬೇಕು. ಲೆಕ್ಕ ಇಷ್ಟೇ. ಗುಂಡಪ್ಪ, ಕಲ್ಲಪ್ಪ, ಹುಚ್ಚಪ್ಪ, ಹುಚ್ಚಮ್ಮ ಎಂಬ ಹೆಸರುಗಳ ಹಿಂದೆಯೂ ಎಷ್ಟೋ ಮನೆಗಳಲ್ಲಿ ಇದೇ ಲೆಕ್ಕ.

ಇನ್ನೊಂದು ಮಾತು. ರೈತನ ಮನೆಯಲ್ಲಿ ತಿಪ್ಪೆ ಅಂದರೆ ಬರೀ ಕಸವಲ್ಲ, ವರ್ಷದ ಗೊಬ್ಬರ. ದೀಪಾವಳಿಗೆ ನಮ್ಮ ಮನೆಯಲ್ಲಿ ಸಗಣಿ ಉಂಡೆಗೆ ಚೆಂಡು ಹೂ, ಉತ್ತರಾಣಿ ಕಡ್ಡಿ ಸಿಕ್ಕಿಸಿ ಬಾಗಿಲಿಗೂ ಇಡುತ್ತಾರೆ, ತಿಪ್ಪೆಗೂ ಇಡುತ್ತಾರೆ.

ಬೇರೆ ಭಾಷೆಗಳ ವಿಷಯಕ್ಕೆ ಬಂದರೆ, ನಮ್ಮ ಅಜ್ಜಿಯಂಥ ಅಜ್ಜಿಯರು ಎಲ್ಲ ಕಡೆ ಇದ್ದರು. ತೆಲುಗಿನ ಪೆಂಟಯ್ಯ ನಮ್ಮ ತಿಪ್ಪಯ್ಯನೇ, ಪೆಂಟ ಅಂದರೆ ತಿಪ್ಪೆ. ತಮಿಳಿನ ಕುಪ್ಪುಸಾಮಿಯೂ ಅಷ್ಟೇ. ಅವರ ಕುಪ್ಪೈ ಅಂದರೆ ಕಸ, ನಾವು ಹೊಲದಲ್ಲಿ ಹಾಕುವ ಗೊಬ್ಬರದ ಕುಪ್ಪೆ ಅದರ ನೆಂಟ. ತಮಿಳಿನ ಪಿಚೈ ಅಂದರೆ ಭಿಕ್ಷೆ, ದೇವರು ಭಿಕ್ಷೆ ಹಾಕಿದ ಮಗು. ಗೂಗಲ್ಲಿನ ಸುಂದರ್ ಪಿಚೈ ಅವರ ಹೆಸರಲ್ಲಿ ಇರುವುದೂ ಅದೇ ಪದ. ಮರಾಠಿಯಲ್ಲಿ ದಗಡು, ಧೋಂಡು ಎರಡಕ್ಕೂ ಕಲ್ಲು ಅಂತಲೇ ಅರ್ಥ. 1916ರಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯ ಶುರುಮಾಡಿ, 1958ರಲ್ಲಿ ಭಾರತರತ್ನ ಪಡೆದ ಕರ್ವೆಯವರು ಧೋಂಡೋ ಕೇಶವ ಕರ್ವೆ. ಬಂಗಾಳಿಯ ತೀನ್‌ಕೊಡಿ ಅಂದರೆ ಮೂರು ಕವಡೆ. ಮಗುವನ್ನು ಮೂರು ಕವಡೆಗೆ ಮಾರಿದ ಹಾಗೆ ಮಾಡುವುದು. ನನ್ನ ರೇಟು ಒಂದು ಮೊರ ರಾಗಿ, ಪರವಾಗಿಲ್ಲ.

ನನಗೆ ತುಂಬ ಹಿಡಿಸಿದ್ದು ಮಂಗೋಲಿಯಾದ ಹೆಸರುಗಳು. ಅಲ್ಲಿ ನೆರ್‌ಗುಯಿ ಅಂದರೆ ‘ಹೆಸರಿಲ್ಲ’. ಎನೆಬಿಷ್ ಅಂದರೆ ‘ಇವನಲ್ಲ’. ಹುನ್‌ಬಿಷ್ ಅಂದರೆ ‘ಮನುಷ್ಯನೇ ಅಲ್ಲ’. ಮಗುವನ್ನು ಒಯ್ಯಲು ಬಂದ ದೆವ್ವ ಹೆಸರು ಕೇಳಿ ತಲೆ ಕೆರೆದುಕೊಂಡು ವಾಪಸ್ ಹೋಗಬೇಕು! ಚೀನಾದ ಹಳ್ಳಿಗಳಲ್ಲಿ ಗೌಶೆಂಗ್ ಅಂತ ಕರೆಯುತ್ತಿದ್ದರು, ‘ನಾಯಿ ತಿಂದು ಬಿಟ್ಟದ್ದು’. ಕೊರಿಯಾದ ಮುದ್ದಿನ ಹೆಸರು ಗೇತೊಂಗ್ ಅಂದರೆ ನಾಯಿ ಹೇಲು. ಅದರ ಮುಂದೆ ತಿಪ್ಪೆ ಎಷ್ಟೋ ವಾಸಿ.

ಯುರೋಪಿನವು ಬೇರೆ ಥರ, ಹೆಚ್ಚಾಗಿ ಅಡ್ಡಹೆಸರುಗಳೇ ಉಳಿದುಕೊಂಡವು. ಕ್ಲಾಡಿಯಾ ಹುಟ್ಟಿದ್ದು ‘ಕುಂಟ’ ಎಂಬ ಲ್ಯಾಟಿನ್ ಪದದಿಂದ, ಸಿಸಿಲಿಯಾ ‘ಕುರುಡು’ ಎಂಬುದರಿಂದ. ಕ್ಯಾಮರೂನ್ ಅಂದರೆ ಸೊಟ್ಟ ಮೂಗು. ಅವರನ್ನು ಯಾರೂ ನಗುವುದಿಲ್ಲ ನೋಡಿ.

ಆದರೆ ಕೆಟ್ಟ ಅರ್ಥದ ಹೆಸರೆಲ್ಲ ಪ್ರೀತಿಯಿಂದ ಇಟ್ಟದ್ದು ಅಂತ ನಾನು ಹೇಳಲಾರೆ. ಮರಾಠಿಯಲ್ಲಿ ನಕುಸಾ ಅಂತ ಇದೆ, ‘ಬೇಡವಾದವಳು’. ಅದು ಸಾವಿಗೆ ಹೇಳಿದ ಸುಳ್ಳಲ್ಲ, ಹೆಣ್ಣುಮಗುವಿಗೇ ಹೇಳಿದ ಮಾತು. 2011ರಲ್ಲಿ ಸಾತಾರಾ ಜಿಲ್ಲೆಯಲ್ಲಿ ಅಂಥ 285 ಹುಡುಗಿಯರಿಗೆ ಸಮಾರಂಭ ಮಾಡಿ ಹೊಸ ಹೆಸರು ಕೊಟ್ಟರು. ನಮ್ಮಲ್ಲೂ ಸಾಲಾಗಿ ಹೆಣ್ಣು ಹುಟ್ಟಿದರೆ ‘ಇನ್ನು ಸಾಕು’ ಅಂತ ಸಾಕಮ್ಮ ಎಂದು ಇಟ್ಟ ಮನೆಗಳಿವೆ. ಅದನ್ನೂ ತಿಪ್ಪಮ್ಮನನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ನಾನು ಹಳೇ ಕಾರ್ಡು ಬಿಸಾಡಿ, ಈಗ ಪೂರ್ತಿ ಹೆಸರೇ ಬರೆಯುತ್ತೇನೆ. ಹುಡುಗನ ಹೆಸರು ಹಟ್ಟಿಯದೋ ಮೊರದ್ದೋ ಅಂತ ಅವರ ಮನೆಯ ಹಿರಿಯರನ್ನು ಕೇಳಿ ನೋಡಿ, ಖುಷಿಯಿಂದಲೇ ಹೇಳುತ್ತಾರೆ. ಒಪ್ಪಿಗೆಯಾದರೆ ಅವರ ನಂಬರನ್ನು ಬರೀ ‘ತಿಪ್ಪೇಸ್ವಾಮಿ’ ಅಂತ ಸೇವ್ ಮಾಡಬೇಡಿ. ಮದುವೆಯಾಗಿ ಚಳ್ಳಕೆರೆಗೆ ಬಂದ ಮೇಲೆ ಕಷ್ಟ ಆಗುತ್ತದೆ. ನನ್ನ ಫೋನಿನಲ್ಲೇ ಏಳು ಜನ ಇದ್ದಾರೆ: ತಿಪ್ಪೇಸ್ವಾಮಿ ಲೈನ್‌ಮನ್, ತಿಪ್ಪೇಸ್ವಾಮಿ ಶೇಂಗಾ, ತಿಪ್ಪೇಸ್ವಾಮಿ ಮಾವ, ತಿಪ್ಪೇಸ್ವಾಮಿ ಬೋರ್‌ವೆಲ್...