ಕಲರ್ ಸರಿ ಇದ್ರೂ ಚಿತ್ರ ಯಾಕೆ ಫ್ಲ್ಯಾಟ್ ಆಗುತ್ತೆ?

ಪ್ರಶ್ನೆ: ಮೇಡಂ ನಮಸ್ಕಾರ. ನನ್ನ ಮಗಳು ಒಂಬತ್ತನೇ ಕ್ಲಾಸು, ವಾಟರ್ ಕಲರ್ ಕಲೀತಿದಾಳೆ. ಮನೆ ಮುಂದಿನ ದಾಸವಾಳ ಬರೆದಿದ್ಲು, ನಮ್ಮ ಕಣ್ಣಿಗೆ ಚೆನ್ನಾಗೇ ಇದೆ, ಆದ್ರೆ ಡ್ರಾಯಿಂಗ್ ಮೇಷ್ಟ್ರು ಕಲರ್ ಓಕೆ, ವ್ಯಾಲ್ಯೂ ಸರಿ ಇಲ್ಲ, ಫ್ಲ್ಯಾಟ್ ಆಗಿದೆ ಅಂದ್ರಂತೆ. ಏನು ಹಾಗಂದ್ರೆ?
– ಒಬ್ಬ ತಾಯಿ, ಹಾಸನ

ಉತ್ತರ: ಮೇಷ್ಟ್ರು ಹೇಳಿರೋದು ತಿಳಿ-ಕಡು ವಿಷಯ ಅಮ್ಮ. ಆ ವ್ಯತ್ಯಾಸ ಸಾಲದಿದ್ರೆ ಚಿತ್ರ ಉಬ್ಬುತಗ್ಗು ಇಲ್ಲದೆ ಚಪ್ಪಟೆಯಾಗಿ ಕಾಣುತ್ತೆ, ಅದೇ ಫ್ಲ್ಯಾಟ್. ಕೆಂಪೋ ಹಸಿರೋ ಅನ್ನೋದು ಹ್ಯೂ, ಆ ಬಣ್ಣ ಎಷ್ಟು ತಿಳಿ ಎಷ್ಟು ಕಡು ಅನ್ನೋದು ವ್ಯಾಲ್ಯೂ, ಇನ್ನು ಹೊಳೆಯೋ ಕೆಂಪಾ ಮಾಸಿದ ಕೆಂಪಾ ಅನ್ನೋದಕ್ಕೆ ಸ್ಯಾಚುರೇಷನ್ ಅಂತಾರೆ. ಮೂರೂ ಬೇರೆ ಬೇರೆ.

ಮಗಳ ಚಿತ್ರದ ಒಂದು ಫೋಟೋ ತೆಗೆದು ಮೊಬೈಲ್‌ನಲ್ಲೇ ಬ್ಲ್ಯಾಕ್ ಅಂಡ್ ವೈಟ್ ಮಾಡಿ ನೋಡಿ, ಹೂವು ಎಲೆ ಎರಡೂ ಒಂದೇ ಬೂದು ಆಗಿ ಸೇರ್ಕೊಂಡ್ಬಿಟ್ರೆ ತೊಂದರೆ ಅಲ್ಲೇ ಇರೋದು. ಹಾಗಂತ ಒಂದೇ ವ್ಯಾಲ್ಯೂ ಯಾವಾಗ್ಲೂ ತಪ್ಪು ಅಂತ ಅಲ್ಲ. ಫ್ರಾನ್ಸಿನ ಚಿತ್ರಕಾರ ಕ್ಲೋಡ್ ಮೊನೆ 1872ರಲ್ಲಿ ಬಂದರಿನ ಸೂರ್ಯೋದಯ ಬರೆದ ಚಿತ್ರ ಇದೆಯಲ್ಲ, ಅದರಲ್ಲಿ ಕಿತ್ತಳೆ ಸೂರ್ಯ ಎಷ್ಟು ಎದ್ದು ಕಾಣ್ತಾನೆ, ಅದೇ ಚಿತ್ರ ಬ್ಲ್ಯಾಕ್ ಅಂಡ್ ವೈಟ್ ಮಾಡಿದ್ರೆ ಸೂರ್ಯ ಹೆಚ್ಚುಕಮ್ಮಿ ಮಾಯ! ಸುತ್ತಲಿನ ಬೂದು ಆಕಾಶದ ವ್ಯಾಲ್ಯೂನೇ ಅವನಿಗೂ ಇರೋದು, ಅದಕ್ಕೇ ಬಣ್ಣದಲ್ಲಿ ನೋಡುವಾಗ ಅವನು ಮಿಣಮಿಣ ಅಂದಹಾಗೆ ಅನ್ಸೋದು. ನನಗೆ ಇವತ್ತಿಗೂ ಅದು ನೋಡಿದ್ರೆ ಮೈ ಜುಮ್ ಅನ್ನುತ್ತೆ.

ಕಲಿಯೋವ್ರು ಮಾತ್ರ ಸ್ವಲ್ಪ ದಿನ ಬಣ್ಣ ಪಕ್ಕಕ್ಕಿಟ್ಟು ಪೆನ್ಸಿಲ್ ಹಿಡೀಲಿ. ಕಿಟಕಿ ಪಕ್ಕ ಬಿಳಿ ಹಾಳೆ ಮೇಲೆ ಒಂದು ಮೊಟ್ಟೆ ಇಡಿ, ಬೆಳಕು ಒಂದೇ ಕಡೆಯಿಂದ ಬರಲಿ, ಕಣ್ಣು ಅರ್ಧ ಮುಚ್ಚಿ ನೋಡೋಕೆ ಹೇಳಿ. ಬೆಳಕು ಬಿದ್ದ ಜಾಗ ಹಾಳೆಯ ಬಿಳಿನೇ ಬಿಡಬೇಕು, ಆಚೆ ಕಡೆ ಹೋಗ್ತಾ ಹೋಗ್ತಾ ಕಡು, ಆದ್ರೆ ತೀರಾ ಕೆಳಗಂಚಲ್ಲಿ ಮತ್ತೆ ಸ್ವಲ್ಪ ತಿಳಿ ಆಗಿರುತ್ತೆ ಯಾಕಂದ್ರೆ ಹಾಳೆಗೆ ಬಿದ್ದ ಬೆಳಕು ವಾಪಸ್ ಮೊಟ್ಟೆಗೆ ಹೊಡೀತಿರುತ್ತೆ. ಎಲ್ಲಕ್ಕಿಂತ ಕಪ್ಪು ಮೊಟ್ಟೆ ಹಾಳೆಗೆ ತಾಗೋ ಜಾಗದ ನೆರಳು, ಅಲ್ಲಿಗೆ 6ಬಿ ಅನ್ನೋ ಮೆತ್ತನೆ, ಕಡು ಪೆನ್ಸಿಲ್ ಬೇಕು, ಬರೀ ಎಚ್‌ಬಿ ಅಂದ್ರೆ ಮಾಮೂಲಿ ಬರೆಯೋ ಪೆನ್ಸಿಲ್‌ನಲ್ಲಿ ಅಷ್ಟು ಕಡು ಬರಲ್ಲ.

ಆಮೇಲೆ ದಾಸವಾಳಕ್ಕೆ ವಾಪಸ್ ಬರಲಿ. ಬಿಸಿಲು ಬಿದ್ದ ಎಸಳಿಗೆ ನೀರು ಜಾಸ್ತಿ ಬಣ್ಣ ಕಮ್ಮಿ, ಹೂವಿನ ಹಿಂದಿರೋ ಎಲೆ ಮಾತ್ರ ಒಣಗಿದ್ಮೇಲೆ ಇನ್ನೊಂದು ಕೋಟ್ ಹಾಕಿ ಚೆನ್ನಾಗಿ ಕಡು ಮಾಡಲಿ, ಹೂವು ತಾನಾಗೇ ಮುಂದೆ ಬರುತ್ತೆ.